ಐದು ದಿನ ಅಂಗಡಿ ಬಿಟ್ಟು ಉದ್ಯಮಿಗಳ ತರಬೇತಿಗೆ ಹೋಗಬೇಕಾ? ರೊಟ್ಟಿ ಅಂಗಡಿಯವರ ಪ್ರಶ್ನೆ

ರೊಟ್ಟಿ_ನವನಗರ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ್ರೀ. ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಅಂಗಡಿ ಇದೆ. ಖಡಕ್ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮಾರುತ್ತೇವೆ. ರೊಟ್ಟಿ ಬಡಿಯೋಕೆ ನಾಲ್ಕು ಜನ ಅಕ್ಕಂದಿರು ಬರುತ್ತಾರೆ. ಒಲೆ ಕಡೆ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ಗಲ್ಲೆ ಮೇಲೆ ನಾನು. ಚಿಲ್ಲರೆ ಗಿರಾಕಿ ಬಿಟ್ಟರೆ ಎರಡು ಖಾನಾವಳಿ, ಒಂದು ಹಾಸ್ಟೆಲ್‌ಗೆ ದಿನಾ ಮಾಲು ಹೋಗುತ್ತದೆ. ಮದುವೆ, ಜಾತ್ರೆ, ಎಳ್ಳಮಾವಾಸ್ಯೆ ಬಂದರೆ ದೊಡ್ಡ ಆರ್ಡರ್.

ವ್ಯಾಪಾರ ಇಲ್ಲ ಅಂತಲ್ಲ. ಚೆನ್ನಾಗಿಯೇ ಇದೆ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ರೊಕ್ಕ ಇರುವುದಿಲ್ಲ. ಎಲ್ಲಿ ಹೋಯಿತು ಅಂತ ಹುಡುಕಿದರೆ ಸಿಗುವುದೂ ಇಲ್ಲ. ಉದ್ರಿ ಎಲ್ಲ ಉದ್ದ ಪುಸ್ತಕದಲ್ಲಿದೆ. ಆರ್ಡರ್ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಅದೂ ಬಹಳಷ್ಟು ವಾಯ್ಸ್ ಮೆಸೇಜ್. ಒಬ್ಬರು ಬೆಳಿಗ್ಗೆ ಐವತ್ತು ರೊಟ್ಟಿ ಅಂತಾರೆ, ಮಧ್ಯಾಹ್ನ ನೂರು ಅಂತಾರೆ, ಸಂಜೆ 'ಸಜ್ಜಿ ಅಂದಿದ್ದೆ, ಜೋಳದ್ದು ಯಾಕೆ ಕಟ್ಟಿದ್ದೀರಿ' ಅಂತ ಜಗಳ. ಮೊಬೈಲ್ ನನ್ನ ಕಿಸೆಯಲ್ಲಿ, ಒಲೆ ಹಿಂದಿನ ಕೋಣೆಯಲ್ಲಿ.

ಈಗ ಒಂದು ಕರಪತ್ರ ಬಂದಿದೆ. ಸಣ್ಣ ವ್ಯಾಪಾರಿಗಳಿಗೆ ಹೊಸ ತಂತ್ರಜ್ಞಾನ, ಲೆಕ್ಕಪತ್ರ, ಮಾರ್ಕೆಟಿಂಗ್ ಬಗ್ಗೆ ಐದು ದಿನದ ತರಬೇತಿ. ಫೀ ಇಲ್ಲ, ಊಟ ಅವರದೇ. ಆದರೆ ಐದು ದಿನ ಗಲ್ಲೆ ಯಾರು ನೋಡಬೇಕು? ಹೋಗಿ ಬಂದವರು ಕೆಲವರು 'ಸರ್ಟಿಫಿಕೇಟ್ ಕೊಡ್ತಾರೆ, ಫೋಟೋ ತೆಗೀತಾರೆ, ಮುಗೀತು' ಅಂತಾರೆ. ನಿಜವಾಗಿ ಉಪಯೋಗ ಆದವರು ಯಾರಾದರೂ ಇದ್ದರೆ ಹೇಳಿ. ಏನು ಕಲಿತಿರಿ, ಏನು ಕೇಳಬೇಕು ಅಂತ ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು.

ಉದ್ಯಮಬಾಗ್_ಲೇಥ್ (ಬೆಳಗಾವಿ)

ಅಣ್ಣಾ, ಹೋಗಿ. ಆದರೆ ಕೈ ಬೀಸಿಕೊಂಡು ಹೋಗಬೇಡಿ. ನಿಮ್ಮ ಉದ್ದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಹಿಟ್ಟು ಎಣ್ಣೆ ಗ್ಯಾಸ್ ತಂದ ಬಿಲ್ಲು, ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಪಾಠ ಮಾಡುವವರು ಯಾವುದೋ ಊರಿನ ಯಾವುದೋ ಅಂಗಡಿಯ ಉದಾಹರಣೆ ಕೊಡುತ್ತಾರೆ. ನೀವು ನಿಮ್ಮದೇ ಲೆಕ್ಕ ಮುಂದಿಟ್ಟು 'ಸರ್, ಇದನ್ನೇ ಮಾಡಿ ತೋರಿಸಿ' ಅನ್ನಿ. ಒಳ್ಳೆಯ ತರಬೇತುದಾರ ಆದರೆ ಖುಷಿಯಿಂದ ಕೂರುತ್ತಾನೆ. ಮುಖ ಕಿವುಚಿದರೆ ಎರಡನೇ ದಿನದಿಂದ ಹೋಗಬೇಡಿ, ನಿಮಗೇನೂ ನಷ್ಟ ಇಲ್ಲ.

ನಮ್ಮದು ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಬರುವ ಕಾಸ್ಟಿಂಗ್‌ಗೆ ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ಕೊಡುತ್ತೇವೆ. ತರಬೇತಿಯಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ ಕಂಪ್ಯೂಟರ್ ಅಲ್ಲ. ಒಂದು ಗಂಟೆ ಮಷಿನ್ ಓಡಿಸಲು ಎಷ್ಟು ಖರ್ಚು ಅಂತ ಬರೆಯುವುದು. ಕರೆಂಟು, ಟೂಲ್, ಹುಡುಗನ ಪಗಾರ, ಬಾಡಿಗೆ, ಮಷಿನ್ ಸವೆತ. ಬರೆದ ಮೇಲೆ ಗೊತ್ತಾಯಿತು, ಜಾಸ್ತಿ ಕೆಲಸ ಕೊಡುವ ಪಾರ್ಟಿಯೇ ಕಡಿಮೆ ಲಾಭ ಕೊಡುತ್ತಿದ್ದ.

ನೀವೂ ಒಂದು ರೊಟ್ಟಿಗೆ ಎಷ್ಟು ಬೀಳುತ್ತದೆ ಅಂತ ಬರೆಯಿರಿ. ಜೋಳ, ಗಿರಣಿ ಖರ್ಚು, ಗ್ಯಾಸು ಅಥವಾ ಕಟ್ಟಿಗೆ, ಬಡಿಯುವವರ ಕೂಲಿ, ಪ್ಯಾಕೆಟ್ಟು. ಮುಖ್ಯವಾಗಿ ಮುರಿದ ರೊಟ್ಟಿ. ಖಡಕ್ ರೊಟ್ಟಿ ಮುರಿದೇ ಮುರಿಯುತ್ತದೆ, ಅಲ್ವಾ? ಅದು ಮನೆಗೆ ಹೋಗುತ್ತದೆ, ಇಲ್ಲ ಬಡಿಯುವವರು ಒಯ್ಯುತ್ತಾರೆ, ಯಾವ ಪುಸ್ತಕದಲ್ಲೂ ಬರುವುದಿಲ್ಲ. ಆಮೇಲೆ ನಿಮ್ಮ ಮನೆಯವರ ದುಡಿಮೆ. ಅವರಿಗೆ ಪಗಾರ ಹಾಕದೆ ಲಾಭ ಲೆಕ್ಕ ಹಾಕಿದರೆ ಅದು ಲಾಭ ಅಲ್ಲ, ಅವರ ಕೂಲಿಯನ್ನೇ ನೀವು ಎಣಿಸುತ್ತಿದ್ದೀರಿ.

ಇನ್ನೊಂದು, ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಆಗಿದೆಯಾ? ಸರ್ಕಾರಿ ಪೋರ್ಟಲ್‌ನಲ್ಲಿ ಪುಕ್ಕಟೆ, ಆಧಾರ್ ಪ್ಯಾನ್ ಇದ್ದರೆ ಸಾಕು. 2020ರ ಜುಲೈ 1ರಿಂದ ಇದೆ. ರೊಕ್ಕ ಕೇಳುವ ನಕಲಿ ವೆಬ್‌ಸೈಟ್ ಬಹಳ ಇವೆ, ನೋಡಿ ಹೋಗಿ. ಅದು ಆಗಿದ್ದರೆ ನಿಮ್ಮಿಂದ ಮಾಲು ಕೊಂಡವರು 45 ದಿನದೊಳಗೆ ಬಾಕಿ ಕೊಡಬೇಕು ಅಂತ ಕಾಯ್ದೆ ಇದೆ. ಅದಕ್ಕೆ ಬರಹದಲ್ಲಿ ಒಪ್ಪಂದ ಇರಬೇಕು. ಇಲ್ಲ ಅಂದರೆ 15 ದಿನವೇ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಗಂಟು ಹಾಕಿದ್ದಾರೆ. ಸಣ್ಣ ತಯಾರಕರ ಬಾಕಿಯನ್ನು ಗಡುವಿನೊಳಗೆ ಕೊಡದಿದ್ದರೆ ಕೊಂಡವರು ಆ ವರ್ಷ ಅದನ್ನು ಖರ್ಚಿಗೆ ತೋರಿಸುವಂತಿಲ್ಲ. ಖಾನಾವಳಿಯವನಿಗೆ ಕಾಯ್ದೆ ತೋರಿಸಿದರೆ ಅವನು ಬೇರೆ ಕಡೆ ರೊಟ್ಟಿ ತರುತ್ತಾನೆ, ಅದು ಗೊತ್ತು. ಹಾಸ್ಟೆಲ್‌ನಂಥ ದೊಡ್ಡ ಕಡೆ ಮಾತ್ರ ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಜಗಳ ಬೇಡ, ನಂಬರ್ ಕಂಡರೆ ಸಾಕು. ಅವರ ಲೆಕ್ಕದವನಿಗೆ ಅರ್ಥ ಆಗುತ್ತದೆ.

ಇಳಕಲ್_ಕೊಂಡಿ (ಇಳಕಲ್)

ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರಿಗೆ ಇಂಥ ತರಬೇತಿ ಬಹಳ ಬಂದು ಹೋಗಿವೆ. ನೇಕಾರರನ್ನು ಒಂದು ಹಾಲ್‌ನಲ್ಲಿ ಕೂರಿಸಿ, ಪರದೆ ಮೇಲೆ ಇಂಗ್ಲಿಷ್ ಚಿತ್ರ ತೋರಿಸಿ, 'ನೀವು ದೇಶಕ್ಕೇ ಮಾರಬಹುದು' ಅಂತ ಹುರುಪು ತುಂಬಿ, ಎಲ್ಲರ ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಸಿ ಕಳಿಸುತ್ತಾರೆ. ಆ್ಯಪ್ ಹಾಕಿಸಿದ ಲೆಕ್ಕ ಅವರಿಗೆ ಬೇಕು. ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಮಾಲು ಏರಿಸಿದವರ ಪಾಡು ಕೇಳಿ. ಸೀರೆ ವಾಪಸ್ ಬರುತ್ತದೆ, ಮಡಿಕೆ ಕೆಟ್ಟಿರುತ್ತದೆ, ಹೋಗಿ ಬರುವ ಖರ್ಚು ಇವರ ತಲೆಗೆ. ನಾವು ಕೊಂಡಿ ಹಾಕಿ (ಸೀರೆ ಮೈಯ ನೂಲಿಗೆ ಸೆರಗಿನ ನೂಲು ಕುಣಿಕೆ ಹಾಕಿ ಜೋಡಿಸಿ), ಟೋಪ್ ಸೆರಗು ಕೂಡಿಸಿ, ಕೈಮಗ್ಗದಲ್ಲಿ ನೇಯ್ದ ಸೀರೆಯ ಫೋಟೋವನ್ನೇ ಕದ್ದು ಪವರ್‌ಲೂಮ್ ಸೀರೆ ಮಾರುವವರೂ ಇದ್ದಾರೆ. ನೋಡುವವರಿಗೆ ಎರಡೂ ಒಂದೇ, ರೇಟು ಮಾತ್ರ ಅರ್ಧ. ಇದಕ್ಕೆ ಏನು ಮಾಡಬೇಕು ಅಂತ ಕೇಳಿದರೆ ವೇದಿಕೆ ಮೇಲೆ ಇದ್ದವರು 'ಕ್ವಾಲಿಟಿ ಕಾಪಾಡಿಕೊಳ್ಳಿ' ಅಂದರು. ಕ್ವಾಲಿಟಿ ನಮ್ಮ ಅಜ್ಜನ ಕಾಲದಿಂದ ಇದೆಯಲ್ರೀ.

ನಮಗೆ ಉಪಯೋಗಕ್ಕೆ ಬಂದದ್ದು ವಿಡಿಯೋ ಕಾಲ್. ಅದನ್ನು ಯಾವ ತರಬೇತಿಯೂ ಹೇಳಿಕೊಡಲಿಲ್ಲ, ಮಗಳು ಶುರು ಮಾಡಿದಳು. ಮಹಾರಾಷ್ಟ್ರದ ಗಿರಾಕಿಗಳು ನಮಗೆ ಮೊದಲಿಂದಲೂ ಇದ್ದಾರೆ. ಅವರಿಗೆ ಮಗ್ಗದ ಮುಂದೆ ನಿಂತು ಸೀರೆ ಬಿಚ್ಚಿ ತೋರಿಸುತ್ತಾಳೆ. ಕೊಂಡಿ ಎಲ್ಲಿ ಕೂಡಿದೆ, ಸೆರಗಿನ ಹಿಂಬದಿ ಹೇಗಿದೆ ತೋರಿಸುತ್ತಾಳೆ. ಮರಾಠಿಯಲ್ಲೇ ಮಾತಾಡುತ್ತಾಳೆ. ರೊಕ್ಕ ಮೊದಲು, ಸೀರೆ ಆಮೇಲೆ. ವಾಪಸ್ ಬರುವುದು ಬಹಳ ಕಡಿಮೆ, ಯಾಕೆಂದರೆ ನೋಡಿಯೇ ತೆಗೆದುಕೊಂಡಿರುತ್ತಾರೆ.

ಹಂಗಾಗಿ ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರು ಹೋಗಬೇಕು ಅಂತ ಯೋಚನೆ ಮಾಡಿದ್ದೀರಾ? ಬರೀ 'ನಾನು ಹೋಗಲಾ' ಅಂತ ಬರೆದಿದ್ದೀರಿ. ರೊಟ್ಟಿ ಎಷ್ಟು ಮುರಿಯುತ್ತದೆ, ಹಿಟ್ಟು ಎಷ್ಟು ಹೋಗುತ್ತದೆ ಗೊತ್ತಿರುವುದು ನಿಮ್ಮ ಮನೆಯ ಅಕ್ಕನವರಿಗೆ. ಗಲ್ಲೆ ಮೇಲೆ ನೀವೇ ಇರಿ, ಅವರನ್ನು ಕಳಿಸಿ.

ಬಾದಾಮಿ_ಮೊಬೈಲ್ (ಬಾದಾಮಿ)

ಕಾಕಾ, ಆರ್ಡರ್ ಗೊಂದಲಕ್ಕೆ ಐದು ದಿನ ಕಾಯೋದು ಬೇಡ, ಇವತ್ತೇ ಮಾಡಿ. ನಾನು ಮೊಬೈಲ್ ರಿಪೇರಿ ಅಂಗಡಿಯವನು, ದಿನಾ ಇದೇ ಕೆಲಸ.

ವಾಟ್ಸ್ಆ್ಯಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, ಪುಕ್ಕಟೆ. ಸಾಧ್ಯವಾದರೆ ಅಂಗಡಿಗೆ ಬೇರೆ ಸಿಮ್ ಮಾಡಿ. ಅದೇ ನಂಬರನ್ನು ಇನ್ನೂ ನಾಲ್ಕು ಸಾಧನಕ್ಕೆ ಜೋಡಿಸಬಹುದು. ನಿಮ್ಮ ಕಿಸೆಯಲ್ಲಿ ಒಂದು, ಒಲೆ ಕೋಣೆಯಲ್ಲಿ ಹಳೇ ಮೊಬೈಲ್ ಒಂದು. ಬಂದ ಆರ್ಡರ್ ಇಬ್ಬರಿಗೂ ಕಾಣುತ್ತದೆ. ಲೇಬಲ್ ಅಂತ ಇರುತ್ತದೆ, 'ಹೊಸ ಆರ್ಡರ್', 'ಕಟ್ಟಿದೆ', 'ರೊಕ್ಕ ಬಾಕಿ' ಅಂತ ಕನ್ನಡದಲ್ಲೇ ಬರೆದು ಬಣ್ಣ ಕೊಡಿ. ಕ್ಯಾಟಲಾಗ್‌ನಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಬೇರೆ ಬೇರೆ ಫೋಟೋ, ರೇಟು ಹಾಕಿ. ಗಿರಾಕಿ ಒತ್ತಿ ಕಳಿಸಿದರೆ ಯಾವುದು ಎಷ್ಟು ಅಂತ ಬರಹದಲ್ಲಿ ಬರುತ್ತದೆ.

ವಾಯ್ಸ್ ಮೆಸೇಜ್ ಕಳಿಸುವವರು ಕಳಿಸೇ ಕಳಿಸುತ್ತಾರೆ, ಅವರನ್ನು ಬದಲಾಯಿಸೋಕೆ ಹೋಗಬೇಡಿ. ನೀವು ಕೇಳಿ, ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, 'ಜೋಳದ ರೊಟ್ಟಿ 100, ಶೇಂಗಾ ಹಿಂಡಿ ಅರ್ಧ ಕೆಜಿ, ಶುಕ್ರವಾರ ಬೆಳಿಗ್ಗೆ, ಸರಿನಾ?' ಅದು ತಾನೇ ಟೈಪ್ ಆಗುತ್ತದೆ. ಅವರು 'ಹೌದು' ಅಂತ ಉತ್ತರ ಕೊಟ್ಟ ಮೇಲೇ ಹಿಟ್ಟಿಗೆ ನೀರು ಹಾಕಿ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರು ಹಾಕುವುದೂ ಪುಕ್ಕಟೆ. 'ನಿಮ್ಮ ಅಂಗಡಿಯನ್ನು ಮೇಲೆ ತರುತ್ತೇವೆ, ಇಷ್ಟು ಕೊಡಿ' ಅಂತ ಫೋನ್ ಬಂದರೆ ಇಟ್ಟುಬಿಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡೋಕೆ ಬರುವ ಜನ 'ಜೋಳದ ರೊಟ್ಟಿ ಎಲ್ಲಿ ಸಿಗುತ್ತೆ' ಅಂತ ಮೊಬೈಲ್‌ನಲ್ಲೇ ಹುಡುಕುತ್ತಾರೆ, ಇದನ್ನು ನಾನು ದಿನಾ ನೋಡುತ್ತೇನೆ.

ಕ್ಯುಆರ್ ಬಗ್ಗೆ ಒಂದು ಮಾತು. ಸ್ಕ್ರೀನ್‌ಶಾಟ್ ನಂಬಬೇಡಿ, ದುಡ್ಡು ಬಂದಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ. ರೊಕ್ಕ ಬಂದಾಗ ಹೇಳುವ ಡಬ್ಬಿ (ಸೌಂಡ್‌ಬಾಕ್ಸ್) ಕನ್ನಡದಲ್ಲಿ ಕೂಗಿದರೆ ಮಾತ್ರ ಬಂತು ಅಂತ ಲೆಕ್ಕ. ಗದ್ದಲ ಇದ್ದಾಗ ಅದೂ ಕೇಳುವುದಿಲ್ಲ, ಆಗ ಮೊಬೈಲ್‌ನಲ್ಲೇ ನೋಡಿ. ರೊಕ್ಕ ಪಡೆಯೋಕೆ ಪಿನ್ ಹಾಕುವುದು ಎಂದಿಗೂ ಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ನಿಮ್ಮ ರೊಕ್ಕ ಹೊರಗೆ ಹೋಗುತ್ತಿದೆ. ಏನಾದರೂ ಎಡವಟ್ಟಾದರೆ ತಡ ಮಾಡದೆ ಸೈಬರ್ ವಂಚನೆ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ.

ವಿಜಯಪುರ_ಮೇಷ್ಟ್ರು (ವಿಜಯಪುರ)

ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತೇನೆ. ತರಬೇತಿಯಿಂದ ಉಪಯೋಗ ಇದೆಯಾ ಇಲ್ಲವಾ ಅಂತ ಬೇರೆ ದೇಶಗಳಲ್ಲಿ ಸಣ್ಣ ವ್ಯಾಪಾರಿಗಳ ಮೇಲೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. ಇಲ್ಲಿ ನಡೆದಿರುವ ಜಗಳಕ್ಕೆ ಅದರಲ್ಲಿ ಉತ್ತರ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಾಲ ಪಡೆದ ಸಣ್ಣ ವ್ಯಾಪಾರಿಗಳನ್ನು ಗುಂಪು ಮಾಡಿ, ಕೆಲವರಿಗೆ ಕ್ರಮವಾದ ಅಕೌಂಟ್ಸ್ ಪಾಠ ಮಾಡಿದರು. ಇನ್ನು ಕೆಲವರಿಗೆ ಅಕೌಂಟ್ಸ್ ಮಾತೇ ಎತ್ತದೆ ಸುಲಭ ರೂಢಿಗಳನ್ನು ಮಾತ್ರ ಕಲಿಸಿದರು. ಅಂಗಡಿ ರೊಕ್ಕಕ್ಕೆ ಒಂದು ಗಲ್ಲೆ, ಮನೆ ರೊಕ್ಕಕ್ಕೆ ಇನ್ನೊಂದು, ಒಂದರಿಂದ ಇನ್ನೊಂದಕ್ಕೆ ತೆಗೆದರೆ ಚೀಟಿ ಬರೆದಿಡಬೇಕು, ಇಂಥವು. ಪೂರ್ತಿ ಅಕೌಂಟ್ಸ್ ಕಲಿತವರ ಅಂಗಡಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸುಲಭ ರೂಢಿ ಕಲಿತವರ ಲೆಕ್ಕ ಇಡುವ ಪದ್ಧತಿ ಸುಧಾರಿಸಿತು. ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು.

ಇನ್ನೊಂದು ಆಫ್ರಿಕಾದ ಟೋಗೋ ದೇಶದ್ದು, 2017ರಲ್ಲಿ ಬಂತು. ರಾಜಧಾನಿ ಲೋಮೆಯಲ್ಲಿ 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ವ್ಯಾಪಾರದ ಪಾಠ, ಲೆಕ್ಕ ಮಾರ್ಕೆಟಿಂಗ್ ಎಲ್ಲ. ಎರಡನೆಯದಕ್ಕೆ ಬೇರೆ ಥರ. ಪಕ್ಕದ ಅಂಗಡಿ ನೋಡಿ ನಕಲು ಮಾಡದೆ ತಾನೇ ಹೊಸದು ಹುಡುಕುವುದು, ತೊಂದರೆ ಬರುವ ಮೊದಲೇ ಯೋಚಿಸುವುದು, ಅಡ್ಡಿ ಬಂದರೆ ಪಟ್ಟು ಬಿಡದೆ ಬೇರೆ ದಾರಿ ನೋಡುವುದು. ಮೂರನೆಯದಕ್ಕೆ ಏನೂ ಇಲ್ಲ. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಕಾಲ ಅವರ ವ್ಯಾಪಾರ ಅಳೆದರು. ಎರಡನೇ ಗುಂಪಿನ ಲಾಭ, ಏನೂ ಕಲಿಯದವರಿಗಿಂತ ಶೇ 30ರಷ್ಟು ಜಾಸ್ತಿ ಆಗಿತ್ತು. ಮಾಮೂಲಿ ಪಾಠದವರದು ಶೇ 11, ಅದೂ ಪಾಠದಿಂದಲೇ ಆದದ್ದು ಅಂತ ಗಟ್ಟಿಯಾಗಿ ಹೇಳುವ ಹಾಗಿರಲಿಲ್ಲ.

ಅಂದರೆ ಇಳಕಲ್ಲಿನವರು ಹೇಳಿದ ವೇದಿಕೆ ಪಾಠಕ್ಕೆ ಅಲ್ಲಿಯೂ ಅದೇ ಗತಿ. ಅವರ ಮಗಳು ತಾನಾಗಿ ವಿಡಿಯೋ ಕಾಲ್ ಶುರು ಮಾಡಿದ್ದು ಎರಡನೇ ಗುಂಪಿನವರ ಕೆಲಸ. ಅದನ್ನು ಕಲಿಸಬಹುದು ಅನ್ನುವುದೇ ಆ ಅಧ್ಯಯನದ ಸ್ವಾರಸ್ಯ. ಹುಟ್ಟಿನಿಂದಲೇ ಬರಬೇಕು ಅಂತೇನಿಲ್ಲ.

ಹೋಗುವ ಮೊದಲು ಆ ಕರಪತ್ರದವರಿಗೆ ಫೋನ್ ಮಾಡಿ. ತರಬೇತಿ ಮುಗಿದ ಮೇಲೆ ಯಾರಾದರೂ ಅಂಗಡಿಗೆ ಬಂದು ನೋಡುತ್ತಾರಾ ಅಂತ ಕೇಳಿ. ನನ್ನ ಪ್ರಕಾರ ಇದೊಂದೇ ಪ್ರಶ್ನೆ ಸಾಕು. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಗೊತ್ತಿರಬೇಕು, ನಮ್ಮ ವಿಜಯಪುರದಲ್ಲೂ ಅದರ ಕೇಂದ್ರ ಇದೆ. ಧರ್ಮಸ್ಥಳದ ಸಂಸ್ಥೆ ಮತ್ತು ಎರಡು ಬ್ಯಾಂಕು ಸೇರಿ ಕಟ್ಟಿದ್ದು. ಪುಕ್ಕಟೆ ಕಲಿಸುತ್ತಾರೆ, ಊಟ ವಸತಿ ಅವರದೇ. ಕಲಿತು ಹೋದವರನ್ನು ಎರಡು ವರ್ಷ ಬೆನ್ನು ಹತ್ತುವುದು ಅವರ ಪದ್ಧತಿಯಲ್ಲೇ ಇದೆ. ಸಾಲಕ್ಕೆ ಬ್ಯಾಂಕಿನ ಜೊತೆ ಮಾತಾಡಲು ನೆರವಾಗುತ್ತಾರೆ. ಆಮೇಲೆ ಇದನ್ನೇ ನೋಡಿ ದೇಶದ ಬೇರೆ ಜಿಲ್ಲೆಗಳಲ್ಲೂ ಬ್ಯಾಂಕುಗಳಿಂದ ಆರ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಕೇಂದ್ರ ಮಾಡಿಸಿದರು. ಅದು ಹೆಚ್ಚಾಗಿ ಹಳ್ಳಿ ಕಡೆಯ ಹೊಸಬರಿಗೆ. ನಡೆಯುತ್ತಿರುವ ಅಂಗಡಿಯವರು ಧಾರವಾಡದ ಸಿಡಾಕ್ (ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ) ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ರೊಟ್ಟಿ_ನವನಗರ (ಬಾಗಲಕೋಟೆ)

ಇಷ್ಟು ಜನ ಇಷ್ಟು ಚೆಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇಳಕಲ್ಲಿನವರ ಪೋಸ್ಟನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. 'ನಾನು ಹೋದರೆ ರೊಟ್ಟಿ ಮೇಲೆ ಯಾರು ನಿಗಾ ಇಡುತ್ತಾರೆ' ಅಂದರು, ಆದರೆ ಕರಪತ್ರ ತೆಗೆದು ಮಸಾಲೆ ಡಬ್ಬಿ ಹತ್ತಿರ ಇಟ್ಟಿದ್ದಾರೆ, ಅಂದರೆ ಮನಸ್ಸಿದೆ.

ಇನ್ನೂ ಎರಡು ವಿಷಯ. ರೊಟ್ಟಿ ಮಷಿನ್ ಮಾರುವ ಏಜೆಂಟ್ ಒಬ್ಬ ಬೆನ್ನು ಬಿದ್ದಿದ್ದಾನೆ. ಅರ್ಧ ಸಬ್ಸಿಡಿ, ನೀವು ಕೊಡುವುದು ಅರ್ಧ ಮಾತ್ರ ಅಂತಾನೆ. ಇದು ನಿಜನಾ? ಇನ್ನೊಂದು ಜಿಎಸ್‌ಟಿ. ಬೆಂಗಳೂರಿನಲ್ಲಿ ಫೋನ್‌ಪೇ ಲೆಕ್ಕ ನೋಡಿ ನೋಟಿಸ್ ಕೊಟ್ಟಿದ್ದರಲ್ಲ, ಆವಾಗಿಂದ ಪಕ್ಕದ ಅಂಗಡಿಯವರು ಕ್ಯುಆರ್ ತೆಗೆದುಬಿಡು ಅಂತಾರೆ. ಪುಣೆಗೆ, ಬೆಂಗಳೂರಿಗೆ ನಮ್ಮ ಪಾರ್ಸೆಲ್ ಹೋಗುತ್ತದೆ. ತಂತ್ರಜ್ಞಾನ ಜಾಸ್ತಿ ಆದಂತೆ ಸಿಕ್ಕಿಹಾಕಿಕೊಳ್ಳುವುದೂ ಜಾಸ್ತಿ ಅಲ್ವಾ?

ಜಮಖಂಡಿ_ತೆರಿಗೆ (ಜಮಖಂಡಿ)

ಜಿಎಸ್‌ಟಿ ಭಾಗ ನಾನು ಹೇಳುತ್ತೇನೆ, ಇದೇ ನನ್ನ ಕೆಲಸ.

ಮೊದಲು ಆ ನೋಟಿಸ್ ಕತೆ. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾಲು, ತರಕಾರಿ ಮಾರುವವರಿಗೂ ಹೋಯಿತು. ಗಲಾಟೆ ಆದ ಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಕೊಳ್ಳಲೇಬೇಕು ಅಂದರು.

ಮಿತಿ ಅಂದರೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಇದು ನಗದು, ಯುಪಿಐ, ಉದ್ರಿ ಎಲ್ಲ ಸೇರಿ ಒಟ್ಟು ವ್ಯಾಪಾರ. ಕ್ಯುಆರ್ ಕಿತ್ತು ಹಾಕಿದರೆ ಮಿತಿ ಬದಲಾಗುವುದಿಲ್ಲ, ನಿಮ್ಮ ಹತ್ತಿರ ಇದ್ದ ಪುರಾವೆ ಹೋಗುತ್ತದೆ ಅಷ್ಟೇ. ನಿಜವಾದ ತೊಂದರೆ ಬೇರೆ ಇದೆ. ಒಂದೇ ಖಾತೆಗೆ ಅಂಗಡಿ ರೊಕ್ಕವೂ ಬರುತ್ತದೆ, ತಮ್ಮ ಕಳಿಸಿದ್ದೂ ಬರುತ್ತದೆ, ಕೈಗಡ ವಾಪಸ್ ಬಂದದ್ದೂ ಬರುತ್ತದೆ. ಇಲಾಖೆ ಕಣ್ಣಿಗೆ ಎಲ್ಲ ವ್ಯಾಪಾರದ ಹಾಗೇ ಕಾಣುತ್ತದೆ. ಮೇಷ್ಟ್ರು ಹೇಳಿದ ಎರಡು ಗಲ್ಲೆ ಬ್ಯಾಂಕಿನಲ್ಲೂ ಬೇಕು. ಕ್ಯುಆರ್‌ಗೆ ಒಂದು ಖಾತೆ, ಮನೆಗೆ ಇನ್ನೊಂದು.

ಇನ್ನು ರೊಟ್ಟಿಗೆ ಸಿಹಿ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿ, ಪರೋಟಕ್ಕೆ ಜಿಎಸ್‌ಟಿ ಸೊನ್ನೆ. ಬರೀ ರೊಟ್ಟಿ ಮಾರುವವರಿಗೆ ನೋಂದಣಿಯೇ ಬೇಕಾಗಿಲ್ಲ. ಆದರೆ ನೀವು ಹಿಂಡಿಯನ್ನೂ ಮಾರುತ್ತೀರಿ, ಅದಕ್ಕೆ ತೆರಿಗೆ ಇದೆ. ಎರಡೂ ಮಾರುವವರಿಗೆ 40 ಲಕ್ಷದ ಲೆಕ್ಕದಲ್ಲಿ ರೊಟ್ಟಿ ವ್ಯಾಪಾರವೂ ಸೇರುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಪುಣೆ ಪಾರ್ಸೆಲ್ ಸೂಕ್ಷ್ಮ. ತೆರಿಗೆ ಇರುವ ಸರಕನ್ನು ನೀವೇ ಬೇರೆ ರಾಜ್ಯಕ್ಕೆ ಕಳಿಸಿ ಮಾರಿದರೆ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ, ಮೊದಲ ಪ್ಯಾಕೆಟ್ಟಿನಿಂದಲೇ ನೋಂದಣಿ ಬೇಕು. ಬೆಂಗಳೂರಿಗೆ ಹೋದರೆ ಆ ತಕರಾರಿಲ್ಲ. ಗಿರಾಕಿ ನಿಮ್ಮ ಅಂಗಡಿಗೆ ಬಂದು ಕೊಂಡು ತಾವೇ ಪುಣೆಯ ಮಗನಿಗೆ ಕಳಿಸಿದರೆ ಅದು ಬಾಗಲಕೋಟೆ ವ್ಯಾಪಾರವೇ. ಕಾಂಪೋಸಿಷನ್ ಅನ್ನುವ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಲ್ಲಿ ಶೇ 1 ಕಟ್ಟಿ ಸುಮ್ನೆ ಇರಬಹುದು ಅಂತ ಯಾರಾದರೂ ಹೇಳಿದರೆ ನೆನಪಿಡಿ, ಅದರಲ್ಲಿ ಇರುವವರು ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಪುಣೆ ವ್ಯಾಪಾರ ಎಷ್ಟಿದೆ ಅಂತ ಮೊದಲು ಬರೆದು ನೋಡಿ, ಆಮೇಲೆ ಹತ್ತಿರದ ಲೆಕ್ಕಿಗರ ಹತ್ತಿರ ಕೂತು ತೀರ್ಮಾನ ಮಾಡಿ. ಹಿಂಡಿ ಬಿಟ್ಟು ರೊಟ್ಟಿ ಮಾತ್ರ ಪುಣೆಗೆ ಕಳಿಸುವುದೂ ಒಂದು ದಾರಿ. ಕೈಮಗ್ಗದ ಬಟ್ಟೆಗೆ ನಿಯಮ ಬೇರೆ, ರಿಯಾಯಿತಿ ಇದೆ. ಇಳಕಲ್ಲಿನವರು ಬೇಕಾದರೆ ಬೇರೆ ಪ್ರಶ್ನೆ ಹಾಕಲಿ.

ಇಂಡಿ_ನಿಂಬೆ (ಇಂಡಿ, ವಿಜಯಪುರ ಜಿಲ್ಲೆ)

ಅಣ್ಣಾರ, ಮಷಿನ್ ವಿಷಯ ನನಗೆ ಬಿಡಿ. ನಮ್ಮ ಸಂಘದ್ದು ಉಪ್ಪಿನಕಾಯಿ ಘಟಕ. ಇಂಡಿ ನಿಂಬೆಗೆ 2023ರಲ್ಲಿ ಜಿಐ ಗುರುತು (ಆ ಊರಿನದೇ ವಿಶೇಷ ಮಾಲು ಅನ್ನುವ ಗುರುತು) ಸಿಕ್ಕ ಮೇಲೆ ನಮ್ಮ ಕಡೆಯೂ ಮಷಿನ್ ಏಜೆಂಟರ ಓಡಾಟ ಜಾಸ್ತಿ ಆಗಿದೆ.

ಏಜೆಂಟ್ ಹೇಳುವ ಸಬ್ಸಿಡಿ ಯೋಜನೆಯ ಹೆಸರು ಪಿಎಂಎಫ್‌ಎಂಇ. ಸಣ್ಣ ಆಹಾರ ಘಟಕಗಳಿಗೆ 2020ರಲ್ಲಿ ಬಂದದ್ದು. ಯೋಜನೆಯ ಸಬ್ಸಿಡಿ ಶೇ 35, ಅದಕ್ಕೆ ನಮ್ಮ ರಾಜ್ಯ ಇನ್ನೂ ಶೇ 15 ಸೇರಿಸಿ ಶೇ 50 ಮಾಡಿದೆ, ಗರಿಷ್ಠ 15 ಲಕ್ಷ. ಏಜೆಂಟ್ ಹೇಳಿದ 'ಅರ್ಧ' ಅಷ್ಟರ ಮಟ್ಟಿಗೆ ಸರಿ. 'ನೀವು ಕೊಡುವುದು ಅರ್ಧ ಮಾತ್ರ' ಅನ್ನುವುದು ಮಾತ್ರ ಅರ್ಧ ಸತ್ಯ. ಮೊದಲು ಬ್ಯಾಂಕ್ ಸಾಲ ಕೊಡಬೇಕು. ನಿಮ್ಮ ಕೈಯಿಂದ ಕನಿಷ್ಠ ಶೇ 10 ಹಾಕಬೇಕು. ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ, ಬ್ಯಾಂಕಿಗೆ ಬಂದು ಬೇರೆಯಾಗಿ ಕೂರುತ್ತದೆ. ಮೂರು ವರ್ಷ ಕಂತು ತಪ್ಪದೆ, ಘಟಕ ನಡೆಯುತ್ತಾ ಇದ್ದರೆ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಘಟಕ ನಿಂತರೆ ತಲೆನೋವು. ಅರ್ಜಿ ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲೇ ಕೇಳಿ, ಏಜೆಂಟನ ಬಾಯಿಂದ ಅಲ್ಲ. ಅರ್ಜಿ, ಯೋಜನಾ ವರದಿ ಮಾಡಿಕೊಡಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿರುತ್ತಾರೆ. ಅವರಿಗೆ ಯೋಜನೆಯಿಂದಲೇ ರೊಕ್ಕ ಬರುತ್ತದೆ, ನೀವು ಕೊಡಬೇಕಾಗಿಲ್ಲ.

ಈಗ ಮಷಿನ್. ನಿಮ್ಮ ಜೋಳದ ಹಿಟ್ಟು ತೆಗೆದುಕೊಂಡು ಹೋಗಿ, ಅದೇ ಮಷಿನ್ ಓಡುತ್ತಿರುವ ಬೇರೆ ಊರಿನ ಘಟಕದಲ್ಲಿ ಒಂದು ದಿನ ಕೂತು ಮಾಡಿಸಿ ನೋಡಿ. ಅಂಗಡಿ ಶೋರೂಮಿನಲ್ಲಿ ತೋರಿಸುವುದು ಗೋಧಿ ಹಿಟ್ಟಿನದು, ಎಳೆದರೆ ಬರುತ್ತದೆ. ಜೋಳಕ್ಕೆ ಆ ಜಿಗುಟು ಇಲ್ಲ, ಬಿಸಿನೀರು ಹಾಕಿ ನಾದಿದರೇ ಹದಕ್ಕೆ ಬರುವುದು. ಹೊಸ ಜೋಳ ಒಂದು ಥರ, ಹಳೇ ಜೋಳ ಇನ್ನೊಂದು ಥರ. ಕೈ ಅದನ್ನು ತಾನೇ ಗುರುತಿಸುತ್ತದೆ, ಮಷಿನ್ ಗುರುತಿಸುವುದಿಲ್ಲ. ಮಷಿನ್ ರೊಟ್ಟಿ ತಿಂದ ಗಿರಾಕಿ ಏನಂತಾನೆ, ಎಷ್ಟು ಮುರಿಯಿತು, ಎಷ್ಟು ಕರೆಂಟ್ ಓಡಿತು, ತ್ರೀ ಫೇಸ್ ಬೇಕಾ, ಕೆಟ್ಟರೆ ರಿಪೇರಿಯವನು ಎಲ್ಲಿಂದ ಬರಬೇಕು, ಇಷ್ಟನ್ನು ಆ ಘಟಕದವರಿಂದಲೇ ಕೇಳಿ.

ನನ್ನ ಅಭಿಪ್ರಾಯ ಕೇಳಿದರೆ ಬಡಿಯುವ ಮಷಿನ್ ಈಗ ಬೇಡ. ನಿಮ್ಮ ಮನೆಯವರನ್ನು ಕೇಳಿ, ಬೆನ್ನು ನೋವು ಯಾವ ಕೆಲಸದಿಂದ ಜಾಸ್ತಿ ಬರುತ್ತದೆ ಅಂತ. ಹಿಟ್ಟು ನಾದುವುದು ಅಂದರೆ ನಾದುವ ಮಷಿನ್ ಒಂದೇ ತನ್ನಿ, ಹಿಂಡಿ ಕುಟ್ಟುವುದು ಅಂದರೆ ಪುಡಿ ಮಾಡುವುದು ತನ್ನಿ. ಪ್ಯಾಕೆಟ್ ಬಾಯಿ ಮುಚ್ಚುವ ಸೀಲರ್ ಅಂತೂ ಸಾಲ ಇಲ್ಲದೇ ಬರುತ್ತದೆ. ನಾಲ್ಕು ಜನ ಅಕ್ಕಂದಿರ ಕೆಲಸವೂ ಉಳಿಯುತ್ತದೆ. 'ಕೈಯಲ್ಲಿ ಬಡಿದ ರೊಟ್ಟಿ' ಅಂತ ಬೆಂಗಳೂರಿನವರು ಹುಡುಕಿಕೊಂಡು ಬರುತ್ತಿರುವಾಗ ಅದನ್ನೇ ಬಿಡುವುದು ಯಾಕೆ?

ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ನಂಬರ್ ಇದೆಯಾ ನೋಡಿಕೊಳ್ಳಿ, 14 ಅಂಕಿಯದು. ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ನಿಮ್ಮ ವಿಳಾಸ, ಫೋನ್ ನಂಬರ್ ಎಲ್ಲ ಇರಬೇಕು. ಶೇಂಗಾ ಹಿಂಡಿ ಇಟ್ಟರೆ ಎಣ್ಣೆ ವಾಸನೆ ಬರುತ್ತದೆ, ಎಷ್ಟು ದಿನ ಚೆನ್ನಾಗಿರುತ್ತದೆ ಅಂತ ನೀವೇ ಪ್ಯಾಕೆಟ್ ಇಟ್ಟು ನೋಡಿ ಬರೆಯಿರಿ. ತರಬೇತಿಯಲ್ಲಿ ಅಕ್ಕ ಕೇಳಬೇಕಾದ್ದು ಇದನ್ನೇ, ಯಾವ ಪ್ಯಾಕೆಟ್ ಹಾಕಿದರೆ ಎಷ್ಟು ದಿನ ತಾಳುತ್ತದೆ ಅಂತ.

ಉದ್ಯಮಬಾಗ್_ಲೇಥ್ (ಬೆಳಗಾವಿ)

ಇಂಡಿ ಅಕ್ಕನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹೊಸ ಮಷಿನ್ ತಂದ ಮೇಲೆ ಅದು ದಿನಕ್ಕೆ ಎಷ್ಟು ಗಂಟೆ ಸುಮ್ನೆ ನಿಂತಿರುತ್ತದೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ, ಕಂತು ಮಾತ್ರ ಮಷಿನ್ ನಿಂತರೂ ನಿಲ್ಲುವುದಿಲ್ಲ. ಎಳ್ಳಮಾವಾಸ್ಯೆ, ಮದುವೆ ಸೀಜನ್ನಿನ ಆರ್ಡರ್ ನೋಡಿ ಮಷಿನ್ ತರಬೇಡಿ. ಆಷಾಢದ ಆರ್ಡರ್ ನೋಡಿ ತನ್ನಿ.

ರೊಟ್ಟಿ_ನವನಗರ (ಬಾಗಲಕೋಟೆ)

ಎಲ್ಲರಿಗೂ ದೊಡ್ಡ ನಮಸ್ಕಾರ. ನಮ್ಮ ಮನೆಯವರು ತರಬೇತಿಗೆ ಹೋಗುವುದು ಅಂತ ಆಯಿತು. ಅವರ ತಂಗಿ ಐದು ದಿನ ಬಂದು ಒಲೆ ಕಡೆ ನಿಲ್ಲುತ್ತಾಳೆ. ಕರಪತ್ರದವರಿಗೆ ಫೋನ್ ಮಾಡಿ ಮೇಷ್ಟ್ರ ಪ್ರಶ್ನೆ ಕೇಳಿದೆ. ತಿಂಗಳಿಗೆ ಒಮ್ಮೆ ಅಂಗಡಿಗೆ ಬರುತ್ತೇವೆ ಅಂದಿದ್ದಾರೆ, ನೋಡೋಣ. ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿ ಹಳೇ ಮೊಬೈಲನ್ನು ಒಲೆ ಕೋಣೆಯ ಗೂಡಿನಲ್ಲಿ ಇಟ್ಟಾಯಿತು. ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಸೋಮವಾರ.

ಏಜೆಂಟನಿಗೆ 'ನಮ್ಮ ಹಿಟ್ಟು ತಂದು ಬೇರೆ ಘಟಕದಲ್ಲಿ ಮಾಡಿ ನೋಡುತ್ತೇವೆ, ವಿಳಾಸ ಕೊಡಿ' ಅಂದೆ. ಕೊಡುತ್ತೇನೆ ಅಂದವನು ಇನ್ನೂ ಕೊಟ್ಟಿಲ್ಲ.

ಇಂಡಿ_ನಿಂಬೆ (ಇಂಡಿ, ವಿಜಯಪುರ ಜಿಲ್ಲೆ)

ಕೊಡದಿದ್ದರೆ ಬೇಡ ಬಿಡಿ. ಕೊಟ್ಟರೆ ಕೊಟೇಶನ್‌ನಲ್ಲಿ ಜಿಎಸ್‌ಟಿ, ಸಾಗಾಣಿಕೆ, ಕೂರಿಸುವ ಖರ್ಚು ಸೇರಿದೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಅಕ್ಕನವರಿಗೆ ನಾದುವ ಮಷಿನ್ ನೋಡಬೇಕು ಅನಿಸಿದರೆ ಇಂಡಿಗೆ ಬರಲಿ, ನಮ್ಮ ಪಕ್ಕದ ಸಂಘದವರ ಹತ್ತಿರ ಒಂದಿದೆ. ಬರುವಾಗ ಎರಡು ಕೆಜಿ ಹಿಟ್ಟು ತರಲಿ.